ಹಡಗು ಬರುವ ದಿನ ಬಟ್ಟೆ ಒಣಗಿಸಬಾರದು

ಬೆಳಗಿನ ಏಳು ಗಂಟೆಗೇ ಹಡಗಿನ ಮೇಲಟ್ಟದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದರು ಹತ್ತಿರವಾಗುತ್ತಿದೆ, ಇಡೀ ಪ್ರಯಾಣದಲ್ಲೇ ಇಷ್ಟು ಸುಂದರವಾದ ನೋಟ ಇನ್ನೊಂದಿಲ್ಲ, ಯಾರೂ ತಪ್ಪಿಸಿಕೊಳ್ಳಬೇಡಿ ಎಂದು ಧ್ವನಿವರ್ಧಕ ಅರ್ಧ ಗಂಟೆಯಿಂದ ಬಡಕೊಳ್ಳುತ್ತಿತ್ತು. ಕಣ್ಣೆದುರು ಬರೀ ನೀರು, ಮಂಜು ಇದ್ದರೂ ಜನ ನಿದ್ದೆಗಣ್ಣಲ್ಲೇ ಮೊಬೈಲು ಎತ್ತಿ ಹಿಡಿದು ‘ಆಹಾ’ ಅನ್ನಲು ಶುರುಮಾಡಿದ್ದರು.

ಕಂಬಿಗೆ ಮೊಣಕೈ ಊರಿ ನಿಂತಿದ್ದ ಅಕ್ಕನಿಗೆ ಮಾತ್ರ ನಗು ತಡೆಯಲಾಗುತ್ತಿರಲಿಲ್ಲ. ಇವರೆಲ್ಲ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ ಆ ಬಂದರಿನಲ್ಲೇ ಅವಳು ಹುಟ್ಟಿದ್ದು, ಅಲ್ಲೇ ಮದುವೆಯಾದದ್ದು, ಅಲ್ಲೇ ಇಪ್ಪತ್ತಾರು ವರ್ಷ ಲಾರಿ ಟಾರ್ಪಾಲು ಹೊಲಿದದ್ದು. ದಬ್ಬಣ ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಕೊರಡಾಗಿತ್ತು. ಈ ಹಡಗು ಹತ್ತಿದ್ದೂ ಆಸೆಯಿಂದಲ್ಲ. ತಂಗಿಯ ನಾದಿನಿ ಮಂಡಿನೋವೆಂದು ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದಳು. ಟಿಕೆಟ್ ಹಾಳಾಗುತ್ತದಲ್ಲ ಎಂದು ತಂಗಿ ಅಕ್ಕನನ್ನು ತನ್ನೂರಿಗೆ ಕರೆಸಿಕೊಂಡಳು. “ಆರು ದಿನ ರಾಣಿ ಥರ ಇರು ಬಾ” ಅಂದಿದ್ದಳು ಫೋನಿನಲ್ಲಿ.

ರಾಣಿಯ ಕಿರೀಟ ಮೊದಲ ದಿನದ ಊಟಕ್ಕೇ ಜಾರಿತ್ತು. ಅದೇ ಮೇಜಿಗೆ ಬಂದು ಕೂತ ನಿವೃತ್ತ ಜಡ್ಜ್ ಸಾಹೇಬರ ಹೆಂಡತಿ “ಇವರು?” ಎಂದು ಹುಬ್ಬೆತ್ತಿದಾಗ, ತಂಗಿ ಕರವಸ್ತ್ರದ ಮಡಿಕೆ ಸರಿಮಾಡುತ್ತ “ಇವರಾ? ದೂರದ ಸಂಬಂಧ” ಎಂದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಚಾಪೆಯ ಮೇಲೆ ಹೊದಿಕೆಗಾಗಿ ಕಿತ್ತಾಡಿದವಳು! ಅಕ್ಕ ಬಾಯಲ್ಲಿದ್ದ ತುತ್ತಿನ ಜೊತೆಗೆ ಮಾತನ್ನೂ ನುಂಗಿದಳು. ಇವತ್ತಿಗೆ ನಾಲ್ಕನೇ ದಿನ, ನುಂಗುತ್ತಲೇ ಇದ್ದಳು.

ಪಕ್ಕದಲ್ಲಿ ತಂಗಿಯ ಗಂಡ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ಜಡ್ಜ್ ಸಾಹೇಬರಿಗೆ ಪಾಠ ಹೇಳುತ್ತಿದ್ದ. ಮದುವೆಗೊಮ್ಮೆ, ಮಾವ ಸತ್ತಾಗೊಮ್ಮೆ ಈ ಊರಿಗೆ ಬಂದಿದ್ದವನು. ಎರಡನೇ ಸಲವಂತೂ ಮೀನಿನ ವಾಸನೆ ಎಂದು ಕಾರಿನ ಗಾಜು ಇಳಿಸಿರಲಿಲ್ಲ. ಈಗ ಬಂದರನ್ನೇ ತನ್ನ ತಾತ ಕಟ್ಟಿಸಿದ್ದೇನೋ ಎಂಬಂತೆ ಮಂಜಿನ ಕಡೆ ಬೆರಳು ಮಾಡಿ ತೋರಿಸುತ್ತಿದ್ದ.

ಮಂಜು ಸರಿಯಿತು. ಗುಡ್ಡದ ಮೈಗೆ ಅಂಟಿಕೊಂಡ ಮೂರು ಸಾಲು ಮನೆಗಳು ಕಾಣಿಸಿದವು. ಹಳದಿ, ನೀಲಿ, ಗುಲಾಬಿ. ಅಟ್ಟದ ತುಂಬ ಉದ್ಗಾರವೆದ್ದಿತು. ಅಕ್ಕ ತನ್ನ ಊರನ್ನು ನೀರಿನ ಕಡೆಯಿಂದ ನೋಡಿದ್ದು ಅದೇ ಮೊದಲು. ಚಂದವೇ ಇತ್ತು. ಆ ಚಂದವೇ ಅವಳ ಮೈಯುರಿಸಿತು.

“ನೂರಾರು ವರ್ಷಗಳಿಂದ ಇಲ್ಲಿಯ ಮೀನುಗಾರರು ಸಮುದ್ರದಿಂದಲೇ ತಮ್ಮ ಮನೆ ಗುರುತಿಸಲೆಂದು ಹೀಗೆ ಬಣ್ಣ ಬಳಿಯುತ್ತಾ ಬಂದಿದ್ದಾರೆ” ಎಂದಿತು ಧ್ವನಿವರ್ಧಕ.

“ನೂರಾರು ವರ್ಷವಂತೆ!” ಅಕ್ಕ ಮೂಗಿನಲ್ಲೇ ನಕ್ಕಳು. ಪುರಸಭೆಯವರು ಏಣಿ ಹೊತ್ತು ಬಂದದ್ದು ಹೋದ ವರ್ಷ. ಯಾವ ಬಣ್ಣ ಬೇಕೆಂದು ಒಬ್ಬರನ್ನೂ ಕೇಳಲಿಲ್ಲ. ಬಳಿದದ್ದೂ ಸಮುದ್ರದ ಕಡೆಯ ಗೋಡೆಗೆ ಮಾತ್ರ. ಹಿಂದಿನ ಬೀದಿಯಲ್ಲಿ ಗಾರೆ ಉದುರಿ ಇಟ್ಟಿಗೆ ಹಲ್ಲು ಕಿರಿಯುತ್ತಿತ್ತು, ಮೋರಿ ಕಟ್ಟಿಕೊಂಡೇ ಇತ್ತು. ಜೊತೆಗೊಂದು ನೋಟೀಸು ಬೇರೆ: ಹಡಗು ಬರುವ ದಿನ ಮುಂಭಾಗದಲ್ಲಿ ಬಟ್ಟೆ ಒಣಗಿಸಬಾರದು. ಬಿಸಿಲು, ಗಾಳಿ ಎರಡೂ ಬರುವುದು ಆ ಒಂದೇ ಕಡೆಯಿಂದ.

“ಅಯ್ಯೋ, ಆ ಗುಲಾಬಿ ಮನೆ ನೋಡಿ!” ಜಡ್ಜರ ಹೆಂಡತಿ ಮೊಬೈಲು ಕೆಳಗಿಳಿಸಿದಳು. “ಯಾರೋ ಬಟ್ಟೆ ಹರವಿದಾರೆ. ಫೋಟೋನೇ ಹಾಳಾಯ್ತು.”

ತಂಗಿಯ ಗಂಡ ದುರ್ಬೀನು ಕಣ್ಣಿಗೇರಿಸಿದ. “ಥೂ! ಚಡ್ಡಿ, ಬನಿಯನ್ನು ಎಲ್ಲಾ ನೇತಾಡ್ತಿದೆ. ಎಷ್ಟು ಮಾಡಿದ್ರೂ ಅಷ್ಟೇ ಮೇಡಂ, ಈ ಜನಕ್ಕೆ ನಾಗರಿಕತೆ ಅನ್ನೋದೇ ಇಲ್ಲ.”

“ಒಂಚೂರು ಕೊಡಿ ಇಲ್ಲಿ” ಎಂದಳು ಅಕ್ಕ. ಉತ್ತರಕ್ಕೆ ಕಾಯದೆ ದುರ್ಬೀನು ಎಳೆದುಕೊಂಡಳು. ಅವನ ಕೊರಳೂ ಜೊತೆಗೇ ಬಂತು.

ನೀಲಿ ಪಟ್ಟೆಯ ಚಡ್ಡಿ. ಹೆಗಲಲ್ಲಿ ಅವಳೇ ತೇಪೆ ಹಾಕಿದ ಬನಿಯನ್ನು. ಕಿಟಕಿಯಲ್ಲಿ ಲೋಟ ಹಿಡಿದು, ಬರುತ್ತಿರುವ ಹಡಗನ್ನು ತಾನು ಬಂದರಿನಲ್ಲಿ ನಡೆಸುತ್ತಿದ್ದ ಹಳೇ ಕ್ರೇನು ಎತ್ತಬೇಕಾದ ಮೂಟೆಯಂತೆ ನೋಡುತ್ತಿದ್ದ ಬೋಳುತಲೆಯ ಮುದುಕ.

“ಅದು ನಮ್ಮನೆ” ಎಂದಳು, ನಾಲ್ಕು ಜನಕ್ಕೆ ಕೇಳುವಂತೆ. “ಪಟ್ಟೆ ಚಡ್ಡಿ ನಮ್ಮ ಯಜಮಾನ್ರದು.” ತಂಗಿಯ ಗಂಡನ ಕಡೆ ತಿರುಗಿ, “ನಿಮ್ಮ ಷಡ್ಡಕರದು. ಗುರುತು ಸಿಗಲಿಲ್ವಾ?”

ಜಡ್ಜ್ ಸಾಹೇಬರು ಕೆಮ್ಮಿದರು. ಅವರ ಹೆಂಡತಿ ತಂಗಿಯ ಮುಖ ನೋಡಿದಳು. “ಷಡ್ಡಕ ಅಂದ್ರೆ... ನೀವು ದೂರದ ಸಂಬಂಧ ಅಂದಿದ್ರಲ್ಲ?”

“ದೂರವೇ ಅಲ್ವೇನಮ್ಮ?” ಎಂದಳು ಅಕ್ಕ. “ಇಲ್ಲಿಂದ ಅಲ್ಲಿಗೆ ಎಷ್ಟಿದೆ ನೀವೇ ನೋಡಿ. ಇವಳು ಹುಟ್ಟಿದ್ದು ಆ ಕಿಟಕಿ ಹಿಂದೆ. ಮದುವೆಯಾಗೋ ತನಕ ನನ್ನ ಜೊತೆ ಟಾರ್ಪಾಲು ಎಳೀತಿದ್ದಳು.”

“ಅಕ್ಕಾ, ಸಾಕು!”

ನಾಲ್ಕು ದಿನದಲ್ಲಿ ಮೊದಲ ಸಲ ಆ ಪದ ಅವಳ ಬಾಯಿಂದ ಬಿದ್ದಿತ್ತು, ಅದೂ ಜಾರಿ. ತಂಗಿ ತುಟಿ ಕಚ್ಚಿಕೊಂಡು ಕೆಳಗಿಳಿದು ಹೋದಳು. ಅವಳ ಗಂಡ ದುರ್ಬೀನಿನ ಗಾಜು ಒರೆಸತೊಡಗಿದ. ಒರೆಸಿದಷ್ಟೂ ಅವನಿಗೆ ಕೊಳೆ ಕಾಣುತ್ತಿತ್ತು.

ಹಡಗನ್ನು ಬಂದರಿಗೆ ಕಟ್ಟಿದ ಮೇಲೆ ಅಕ್ಕ ಚೀಲ ಹೆಗಲಿಗೇರಿಸಿಕೊಂಡು ಇಳಿಯುವ ಮೆಟ್ಟಿಲ ಹತ್ತಿರ ಬಂದಳು. ತಂಗಿ ಅಲ್ಲೇ ನಿಂತಿದ್ದಳು. ಕಣ್ಣು ಕೆಂಪಾಗಿತ್ತು, ತುಟಿಗೆ ಮಾತ್ರ ಹೊಸದಾಗಿ ಬಣ್ಣ ಹಚ್ಚಿದ್ದಳು.

“ಇನ್ನೂ ಎರಡು ದಿನ ಇದೆಯಲ್ಲೇ. ಊಟ ತಿಂಡಿ ಎಲ್ಲಾ ಸೇರಿದೆ.”

“ಹೊಟ್ಟೆ ತುಂಬಿದೆ. ನೀನೂ ಬಾ. ಇಪ್ಪತ್ತು ನಿಮಿಷದ ದಾರಿ. ಭಾವನ್ನ ಮಾತಾಡಿಸಿ ಹೋಗು.”

ತಂಗಿ ಹಿಂದೆ ತಿರುಗಿ ನೋಡಿದಳು. ಜಡ್ಜ್ ದಂಪತಿ ಊರು ತೋರಿಸುವ ಬಸ್ಸಿನ ಸಾಲಿನಲ್ಲಿದ್ದರು. “ಬಸ್ಸಿಗೆ ಹೆಸರು ಕೊಟ್ಟಾಗಿದೆ” ಎಂದಳು ಮೆಲ್ಲಗೆ.

“ಯಾವ್ಯಾವ ಕಡೆ ಹೋಗುತ್ತಂತೆ ಬಸ್ಸು?”

“ಮುಂದಿನ ಬೀದಿ ಮಾತ್ರ.”

“ಸರಿಯಾದ ಬಸ್ಸೇ ಹತ್ತಿದೀಯ ಬಿಡು” ಎಂದು ಅಕ್ಕ ಮೆಟ್ಟಿಲಿಳಿದಳು.

ಅವಳು ಹಿಂದಿನ ಬೀದಿಯಿಂದ ಮೋರಿ ದಾಟಿ ಮನೆ ಸೇರಿದಾಗ ಗಂಡ ಒಣಗಿದ ಬನಿಯನ್ನು ಮಡಿಸುತ್ತಿದ್ದ. ಪುರಸಭೆಯ ಜವಾನ ಕೆಳಗೆ ನಿಂತು ಕೂಗಾಡಿ, ಗಂಟಲು ನೋವು ಬಂದು ಹೋಗಿದ್ದನಂತೆ.

“ನೋಟೀಸು ಗೊತ್ತಿರಲಿಲ್ವಾ ನಿಮಗೆ?”

“ಗೊತ್ತಿತ್ತು. ಈ ತಿಂಗಳು ಇದು ಏಳನೇ ಹಡಗು ಕಣೆ. ಆರು ಸಲ ಒಳಗೇ ಒಣಗಿಸಿದೆ, ಮೈಯೆಲ್ಲ ಮುಗ್ಗಲು ವಾಸನೆ” ಎಂದ ಅವನು. ಆಮೇಲೆ ಬಾಗಿಲ ಕಡೆ ಇಣುಕಿ, “ತಂಗಿ ಎಲ್ಲಿ? ಬರಲಿಲ್ವಾ?” ಎಂದ.

“ಮನೆ ನೋಡಿದಳು, ಹಡಗಿನ ಮೇಲಿಂದಲೇ.”

“ಏನಂದಳು?”

ಅಕ್ಕ ಹಡಗಿಗೆಂದೇ ಕೊಂಡಿದ್ದ ಬಿಗಿಯಾದ ಚಪ್ಪಲಿ ಕಳಚಿ, ಬೊಬ್ಬೆ ಎದ್ದ ಹಿಮ್ಮಡಿ ಉಜ್ಜಿಕೊಂಡಳು.

“ಬಣ್ಣ ಚೆನ್ನಾಗಿದೆಯಂತೆ” ಎಂದಳು. “ನೀರು ಕಾಯೋಕಿಡಿ, ಮೊದಲು ಸ್ನಾನ ಮಾಡ್ಬೇಕು.”