ಒಂದನೇ ನಂಬರಿನ ಭಾನುವಾರ

ಹನ್ನೊಂದು ವರ್ಷ ಕಾದ ಮೇಲೆ ಒಂದನೇ ನಂಬರು ಸಿಕ್ಕಿದ ದಿನ ನಮ್ಮ ಕ್ಯಾಪ್ಟನ್‌ಗೆ ಖುಷಿಪಡಬೇಕೋ ಬೇಡವೋ ಎಂದೇ ತಿಳಿಯಲಿಲ್ಲ. ಆ ಪುಟ್ಟ ವಿಮಾನ ಕಂಪನಿಯಲ್ಲಿ ಪೈಲಟ್‌ಗಳಿಗೆ ಒಂದು ಪಟ್ಟಿ. ಮೊದಲು ಸೇರಿದವನು ಮೇಲೆ, ಆಮೇಲೆ ಸೇರಿದವನು ಕೆಳಗೆ. ರಜೆಯ ದಿನ ಆರಿಸಿಕೊಳ್ಳುವುದೂ ಅದೇ ಸಾಲಿನಲ್ಲಿ. ಭಾನುವಾರಗಳನ್ನೆಲ್ಲ ಮೇಲಿನವರು ಬಾಚಿಕೊಂಡರೆ ಇವನಿಗೆ ಮಂಗಳವಾರವೇ ಗತಿ. ಮಗಳ ಈಜು ಸ್ಪರ್ಧೆಗಳೋ, ಹಾಳಾದ್ದು, ಎಲ್ಲವೂ ಭಾನುವಾರವೇ! ಒಂದನ್ನೂ ಅವನು ನೋಡಿರಲಿಲ್ಲ.

ಪೈಲಟ್‌ಗಳು ಎಲ್ಲೂ ಸಾಕಷ್ಟು ಸಿಗದ ಕಾಲ. ದೊಡ್ಡ ಕಂಪನಿಗಳು ಗಾಳ ಹಾಕಿದವು, ಮೇಲಿನವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಇವನಿಗೂ ಪತ್ರ ಬಂತು. ಶುಕ್ರವಾರದೊಳಗೆ ಉತ್ತರ ಹೇಳಬೇಕು. ಹೋದರೆ ದೊಡ್ಡ ವಿಮಾನ, ಸರಿ. ಆದರೆ ಅಲ್ಲಿನ ಪಟ್ಟಿಯಲ್ಲಿ ನಾನೂರ ಹನ್ನೆರಡನೆಯವನು. ಭಾನುವಾರದ ಮುಖ ನೋಡುವಷ್ಟರಲ್ಲಿ ಮಗಳಿಗೇ ಮದುವೆಯಾಗಿರುತ್ತದೆ. ಹೆಂಡತಿಯನ್ನು ಕೇಳಿದರೆ, ನನ್ನ ತಲೆ ತಿನ್ನಬೇಡಿ, ನಿಮಗೆ ತೋಚಿದ್ದು ಮಾಡಿ ಅಂದಳು.

ಡ್ಯೂಟಿ ಹಾಕುವ ಮೇಡಂ ಬುಧವಾರ ಕರೆಸಿದರು. ತಾವೇ ಕುರ್ಚಿ ಎಳೆದುಕೊಟ್ಟರು, ತಾವೇ ಕಾಫಿ ತಂದರು. ಹನ್ನೊಂದು ವರ್ಷದಲ್ಲಿ ಕಾಣದ ಉಪಚಾರ! ಮೂಗಿಗೆ ತುಪ್ಪ ಸವರುತ್ತಿದ್ದಾರೆ ಅಂತ ಗೊತ್ತಿದ್ದರೂ ಅವನಿಗೆ ಹಿತವಾಗಿಯೇ ಇತ್ತು. ನೀವೇ ಈಗ ಮೊದಲನೆಯವರು, ಬೇಕಾದ ದಿನ ಗುರುತು ಹಾಕಿ ಅಂತ ಆ ತಿಂಗಳ ರಜೆಯ ಖಾಲಿ ಹಾಳೆ ಮುಂದಿಟ್ಟರು. ನಾಲ್ಕೂ ಭಾನುವಾರಕ್ಕೆ ಗುರುತು ಹಾಕಿದ. ಮನೆಗೆ ಬಂದು ದೊಡ್ಡ ಕಂಪನಿಗೆ ಬರುವುದಿಲ್ಲ ಅಂತ ಬರೆದೇಬಿಟ್ಟ.

ಶನಿವಾರ ಸಂಜೆ ಮೇಡಂ ಫೋನು. ನಾಳೆ ಬೆಳಗಿನ ವಿಮಾನ ಘಟ್ಟದಾಚೆಯ ಊರಿಗೆ ಹೋಗಿ ಜನರನ್ನು ಕರೆತರಬೇಕು, ಓಡಿಸುವವರಿಲ್ಲ, ಇದೊಂದು ಸಲ ಬರಬೇಕಂತೆ.

"ನಾಳೆ ನನ್ನ ರಜೆ, ಮೇಡಂ. ನನ್ನ ಕೆಳಗಿನವರನ್ನ ಕೇಳಿ."

"ಕೆಳಗೆ ಯಾರಿದ್ದಾರೆ ಸರ್?"

ಅವನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯತ್ತ ತಿರುಗಿದ. ಇಷ್ಟು ವರ್ಷ ಮೇಲೆ ಯಾರಿದ್ದಾರೆ ಅಂತ ನೋಡಿದ್ದೇ ಆಯಿತು, ಕೆಳಗೆ ಕಣ್ಣು ಹಾಯಿಸಿದ್ದೇ ಇಲ್ಲ. ಅಲ್ಲಿ ಉಳಿದಿದ್ದವರು ಇಬ್ಬರು, ಇಬ್ಬರೂ ಇನ್ನೂ ಕಲಿಯುವವರು. ಅವನು ಕಕ್ಕಾಬಿಕ್ಕಿಯಾದ. ಆದರೂ ಪಟ್ಟು ಬಿಡದೆ ಆಗೋದಿಲ್ಲ ಅಂದ. ಅಲ್ಲ, ಹನ್ನೊಂದು ವರ್ಷ ಕಾದವನು ಇನ್ನೇನು ಅನ್ನಬೇಕಿತ್ತು?

ಭಾನುವಾರ ಈಜುಕೊಳದ ಮೊದಲ ಸಾಲಿನಲ್ಲೇ ಕೂತ. ಆರು ಮಕ್ಕಳು ನಿಲ್ಲಬೇಕಾದ ಕಟ್ಟೆಯ ಮೇಲೆ ಮಗಳೊಬ್ಬಳೇ ನಿಂತಿದ್ದಳು. ಉಳಿದ ಐವರು ಘಟ್ಟದಾಚೆಯ ಊರಿನವರು, ಬೆಳಗಿನ ವಿಮಾನ ಬರಲೇ ಇಲ್ಲವಂತೆ, ಪಾಪ, ಅಂತ ತೀರ್ಪುಗಾರರು ಹೇಳಿದರು. ಅರ್ಧ ಗಂಟೆ ಕಾದರು. ಆಮೇಲೆ ನಿಯಮ ನಿಯಮವೇ ಅಂತ ಸೀಟಿ ಊದಿಯೇಬಿಟ್ಟರು. ಅಷ್ಟಗಲದ ನೀರಿನಲ್ಲಿ ಒಬ್ಬಳೇ ಆ ತುದಿಗೆ ಹೋಗಿ ಈ ತುದಿಗೆ ಬಂದಳು.

ಮೈಯಿಂದ ನೀರು ಸುರಿಸುತ್ತ ಮಗಳು ಎದುರಿಗೆ ಬಂದು ನಿಂತಳು. ಕೊರಳಲ್ಲಿ ಪದಕ.

"ಅಪ್ಪಾ, ನಾನೇ ಫಸ್ಟು. ಖುಷಿಪಡಬೇಕಾ?"

ಅವನು ಟವೆಲ್ ತೆಗೆದು ಅವಳ ತಲೆಗೆ ಹಾಕಿದ. ಕೂದಲು ಒಣಗಿದ ಮೇಲೂ ಒರೆಸುತ್ತಲೇ ಇದ್ದ.