ಬ್ರೈಲ್ ಕೋಣೆಯ ಸೋಮವಾರ

ರಜೆಯಲ್ಲಿ ಯಾರೋ ಕೈ ಹಾಕಿದ್ದಾರೆಂದು ಕಂಪ್ಯೂಟರ್ ಹಾಕಿದ ಕೂಡಲೇ ಅವಳಿಗೆ ಗೊತ್ತಾಯಿತು. ಪರದೆಯ ಬಣ್ಣವೇ ಬೇರೆ, ಗುಂಡಿಗಳ ಜಾಗವೇ ಬೇರೆ, ಒಳಗಿನ ಸಿಸ್ಟಮ್ಮನ್ನೇ ತೆಗೆದು ಹೊಸದು ಹಾಕಿದ್ದರು. ಅಂಧ ಮಕ್ಕಳ ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಬ್ರೈಲ್ ಅಚ್ಚು ಹಾಕುತ್ತಿದ್ದವಳು ಅವಳು. ಅಕ್ಷರಗಳನ್ನು ಚುಕ್ಕಿಗಳಾಗಿ ಮಾಡಿಕೊಡುವ ಪ್ರೋಗ್ರಾಂ ಅವಳಿಗಿಂತ ಮೊದಲೇ ಆ ಕೋಣೆಗೆ ಬಂದದ್ದು. ಈಗ ಎಷ್ಟು ಒತ್ತಿದರೂ ಅದು ತೆರೆಯಲೊಲ್ಲದು. ಮಾರನೆಯ ದಿನ ಗಣಿತದ ಪರೀಕ್ಷೆ. ಇಪ್ಪತ್ಮೂರು ಮಕ್ಕಳು, ಒಂದು ಹಾಳೆಯೂ ಅಚ್ಚಾಗಿಲ್ಲ.

ಹಲ್ಲು ಕಚ್ಚಿಕೊಂಡು ಪ್ರೋಗ್ರಾಮಿನ ಸೆಟ್ಟಿಂಗ್ ತೆರೆದಳು. ಹಳೆಯ ಸಿಸ್ಟಮ್ಮಿನಲ್ಲಿ ಓಡುತ್ತಿದ್ದಂತೆಯೇ ಓಡಲಿ ಎಂದು ಗುರುತು ಹಾಕಿದಳು. ಪುಣ್ಯಕ್ಕೆ ತೆರೆಯಿತು. ಅಚ್ಚಿಗೆ ಕೊಟ್ಟರೆ ಮಾತ್ರ, ಫೈಲ್ ಬರೆಯಲಾಗಲಿಲ್ಲ ಎಂದು ಹೇಳಿ ಮುಚ್ಚಿಕೊಂಡಿತು. ಮೂರು ಸಲವೂ ಅದೇ ಹಾಡು.

ಸಿಸ್ಟಮ್ ನೋಡಿಕೊಳ್ಳುವವನು ಹನ್ನೊಂದಕ್ಕೆ ಬಂದ. ನಿಂತಲ್ಲಿಂದಲೇ ಪರದೆಯತ್ತ ಕಣ್ಣು ಹಾಯಿಸಿ, ಇದು ಓಬೀರಾಯನ ಕಾಲದ್ದು, ಹೊಸದಕ್ಕೆ ಅರ್ಜಿ ಕೊಡಿ, ಮೂರು ತಿಂಗಳಲ್ಲಿ ಬರಬಹುದು ಎಂದ. ನಾಳೆಯ ಪರೀಕ್ಷೆಗೆ ಏನು ಮಾಡೋದು ಎಂದು ಕೇಳಿದ್ದಕ್ಕೆ ಭುಜ ಕುಣಿಸಿದ. "ಯಾರಾದ್ರೂ ಪ್ರಶ್ನೆ ಓದಿ ಹೇಳಿದ್ರಾಯ್ತಲ್ಲ ಮೇಡಂ."

ಅವಳ ಮೈಯೆಲ್ಲ ಉರಿದುಹೋಯಿತು.

"ನಿಮ್ಮ ಗಣಿತದ ಪೇಪರ್ ಕಿತ್ಕೊಂಡು, ಯಾರೋ ಒಂದ್ಸಲ ಓದ್ತಾರೆ ಕೇಳಿಸ್ಕೊಂಡು ಬರೀರಿ ಅಂದಿದ್ರೆ ನೀವು ಪಾಸಾಗ್ತಿದ್ರಾ?"

ಅವನು ಫೋನ್ ನೋಡಿಕೊಳ್ಳುತ್ತಾ ಹೊರಗೆ ಹೋದ.

ಮೂಲೆಯ ಮೇಜಿನಲ್ಲಿ ಅವಳ ಅಣ್ಣ ಕೂತಿದ್ದ. ಹುಟ್ಟಿನಿಂದ ಕಣ್ಣಿಲ್ಲದ ಅವನೇ ಅಲ್ಲಿಯ ಕರಡು ತಿದ್ದುವವನು. ಮಕ್ಕಳ ಬಾಯಲ್ಲಿ ಬೆರಳು ಮಾಸ್ತರು. ಅವನ ಮುಖವೂ ಬಿಗಿದುಕೊಂಡಿತ್ತು, ಆದರೆ ದನಿ ಏರಲಿಲ್ಲ. ತೆರೆಯುವಾಗ ತಕರಾರಿಲ್ಲ, ಓದುವಾಗ ತಕರಾರಿಲ್ಲ, ಬರೆಯಲು ಹೋದಾಗ ಮಾತ್ರ ತಾನೇ ಎಂದು ಕೇಳಿದ. ಹೌದೆಂದಳು.

"ಹಾಗಾದ್ರೆ ಪ್ರೋಗ್ರಾಂ ಕೆಟ್ಟಿಲ್ಲ. ಎಲ್ಲಿ ಬರೀತಿದೆ ನೋಡು. ಅಲ್ಲಿ ಬೀಗ ಹಾಕಿರ್ತಾರೆ."

ನೋಡಿದಳು. ಅಚ್ಚಿಗೆ ಹೋಗುವ ಪ್ರತಿ ಪುಟವನ್ನೂ ಅದು ಮೊದಲು ತನ್ನದೇ ಫೋಲ್ಡರಿನಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಹೊಸ ಸಿಸ್ಟಂ ಆ ಜಾಗದಲ್ಲಿ ಯಾರಿಗೂ ಬರೆಯಗೊಡುತ್ತಿರಲಿಲ್ಲ. ಅಷ್ಟಕ್ಕೇ ಇಷ್ಟು ರಾದ್ಧಾಂತ. ಇಡೀ ಫೋಲ್ಡರನ್ನು ಬೀಗವಿಲ್ಲದ ಬೇರೆ ಕಡೆಗೆ ನಕಲಿಸಿ ಅಲ್ಲಿಂದ ಓಡಿಸಿದಳು. ಅಚ್ಚಿನ ಯಂತ್ರ ಟಕಟಕ ಟಕಟಕ ಎಂದು ದಪ್ಪ ಹಾಳೆಗೆ ಚುಕ್ಕಿ ಕುಟ್ಟತೊಡಗಿತು. ಅಣ್ಣ ಮೊದಲ ಹಾಳೆಯ ಮೇಲೆ ಬೆರಳೋಡಿಸಿ, ಭಿನ್ನರಾಶಿಗಳ ಬಳಿ ತಡೆದು, ಮತ್ತೊಮ್ಮೆ ಮುಟ್ಟಿ, ಸರಿಯಿದೆ ಎಂದು ತಲೆಯಾಡಿಸಿದ.

ಸದ್ದು ಕೇಳಿ ಸಿಸ್ಟಮ್ಮಿನವನು ಹಲ್ಲು ಕಿರಿಯುತ್ತಾ ಬಂದ. ಹೊಸ ಸಿಸ್ಟಂ ಹಾಕಿದ ಕೆಲಸ ತೊಂದರೆಯಿಲ್ಲದೆ ಮುಗಿದಿದೆ ಎಂಬ ಕಾಗದವನ್ನು ಅವಳ ಮುಂದಿಟ್ಟು ಸಹಿ ಕೇಳಿದ.

ಅವಳು ಪೆನ್ನು ತೆಗೆದುಕೊಂಡು 'ತೊಂದರೆಯಿಲ್ಲದೆ' ಎಂಬುದನ್ನು ಹೊಡೆದು ಹಾಕಿದಳು. ಹೇಳದೆ ಕೇಳದೆ ಬದಲಾಯಿಸಿದ್ದು, ಅರ್ಧ ದಿನ ಕೆಲಸ ನಿಂತದ್ದು, ಮಕ್ಕಳಿಗೆ ಪ್ರಶ್ನೆಪತ್ರಿಕೆಯೇ ಬೇಡವೆಂದದ್ದು, ಕರಡು ತಿದ್ದುವವರೇ ದಾರಿ ಹುಡುಕಿಕೊಟ್ಟದ್ದು, ಒಂದೊಂದನ್ನೂ ಒತ್ತಿ ಒತ್ತಿ ಬರೆದಳು. ಅವನ ನಗು ಮಾಯವಾಯಿತು. ಇದು ಮೇಲಿನವರಿಗೆ ಹೋಗುತ್ತದೆ ಮೇಡಂ ಎಂದು ಗೊಣಗಿದ.

"ಹೋಗಲಿ ಅಂತಲೇ ಬರೆದಿದ್ದು."

ಸಹಿ ಹಾಕಿ, ಬರೆದದ್ದನ್ನು ಅಣ್ಣನಿಗೆ ಓದಿ ಹೇಳಿ, ಕಾಗದವನ್ನು ಅವನತ್ತ ಸರಿಸಿ, ಅವನ ಬೆರಳನ್ನು ಹಿಡಿದು ಖಾಲಿ ಜಾಗ ತೋರಿಸಿದಳು. ಅಣ್ಣನೂ ಸಹಿ ಹಾಕಿದ.