ಗೋಡೆಗೆ ಮೂರು ಏಟು

ಪೀರಪ್ಪ ಸೂಗಪ್ಪನ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ಮೂಗಿನಿಂದ ಹೊಟ್ಟೆಗಿಳಿಸಿದ ನಳಿಗೆ ಸಿರಿಂಜಿನಿಂದ ಗಾಳಿ ಒತ್ತಿದ. ಕಣ್ಣು ಮುಚ್ಚಿ, ಹಾಡು ಕೇಳುವವನ ಹಾಗೆ ತಲೆದೂಗಿದ.

“ಗುಳುಗುಳು ಅಂತು ನೋಡ್ರಿ ಅಕ್ಕಾ. ನಳಿ ಹೊಟ್ಟ್ಯಾಗೇ ಅದ. ಗಂಜಿ ಬಿಡ್ರಿ.”

ಲಕ್ವಾ ಹೊಡೆದು ಎರಡು ತಿಂಗಳಾಯಿತು, ಸೂಗಪ್ಪನಿಗೆ ಮಾತಿಲ್ಲ, ನುಂಗಲಾಗುವುದಿಲ್ಲ. ಎಡಗೈ ಒಂದಿಷ್ಟು ಆಡುತ್ತದೆ, ಅಷ್ಟೇ. ಬೆಳಿಗ್ಗೆ ಕೆಮ್ಮಿನಲ್ಲಿ ನಳಿ ಹೊರಬಂದಿತ್ತು. ಹೊಸದು ಹಾಕಲೆಂದು ಹೆಂಡತಿ ಶಿವಕಾಂತಮ್ಮ ಓಣಿಯ ಈ ಕಂಪೌಂಡರನನ್ನು ಕರೆಸಿದ್ದಳು.

“ಕಲಬುರಗಿ ದವಾಖಾನ್ಯಾಗ ಮಹೆಕ್ ಸಿಸ್ಟರ್ ಎಕ್ಸರೇ ತೆಗಿಸಿ ನೋಡೇ ಗಂಜಿ ಬಿಡ್ರಿ ಅಂದಿದ್ರು, ತಮ್ಮಾ. ಬರೇ ಸಪ್ಪಳ ನಂಬಬ್ಯಾಡ್ರಿ, ಉಸಿರಿನ ದಾರ್ಯಾಗ ಹೋಗಿದ್ರೂ ಹಂಗೇ ಕೇಳಸ್ತದ ಅಂದ್ರು.”

“ಇಪ್ಪತ್ತ ವರ್ಷ ಆತ್ರಿ ನಾ ಈ ಕೆಲಸ ಮಾಡ್ಲಿಕತ್ತು. ನನ್ನ ಕಿವಿ ಎಂದೂ ಸುಳ್ಳ ಹೇಳಿಲ್ಲ. ಮುಂಜಾನಿಂದ ಉಪಾಸ ಅದಾರ, ಅವರನ್ನ ಮತ್ತ ಕಲಬುರಗಿತನಾ ಎಳಕೊಂಡು ಹೋಗ್ತೀರೇನು?”

ಕಿವಿಯ ಈ ಜಂಬ ಸೂಗಪ್ಪನಿಗೆ ಹೊಸದಲ್ಲ. ಶಹಾಬಾದಿನ ಕಲ್ಲುಗಣಿಯಲ್ಲಿ ಮೂವತ್ತು ವರ್ಷ ಅವನೂ ಫರಸಿಗಲ್ಲಿಗೆ ಸುತ್ತಿಗೆ ತಾಗಿಸಿ, ಸಪ್ಪಳ ಕೇಳಿ, ಒಳಗೆ ಬಿರುಕಿಲ್ಲ ಎನ್ನುತ್ತಿದ್ದ. ಹಾಗೆಂದ ಕಲ್ಲೇ ಒಮ್ಮೆ ಒಡೆದು ಗೆಳೆಯ ಭಗವಂತನ ಕಾಲು ಹೋಯಿತು. ಈಗ ಎದೆಯ ಬಲಗಡೆ ಏನೋ ಚುಚ್ಚುತ್ತಿದೆ, ಪ್ರತಿ ಉಸಿರೂ ನಳಿಯಲ್ಲಿ ಸುಯ್ ಎನ್ನುತ್ತಿದೆ. ಬಾಯಿ ಇದೆ, ನಾಲಿಗೆ ಇದೆ, ಒಂದೂ ಅವನ ಮಾತು ಕೇಳದು. ತನ್ನ ಮೈಯೊಳಗೇ ತನ್ನನ್ನು ಹಾಕಿ ಕೀಲಿ ಜಡಿದಂತಾಗಿತ್ತು. ಗಂಜಿ ಎದೆಗಿಳಿದರೆ ತನ್ನ ಕಥೆ ಮುಗಿಯಿತು.

ಎಡಗೈ ನಳಿಯತ್ತ ಏರಿತು. “ಅದನ್ನ ಕಿತ್ಕೋಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ,” ಎಂದು ಶಿವಕಾಂತಮ್ಮ ಅದನ್ನು ಗೋಡೆಯ ಕಡೆ ಸರಿಸಿ, ಲೋಟ ಎತ್ತಿದಳು.

ಟಕ್. ಟಕ್. ಟಕ್. ಸೂಗಪ್ಪನ ಬೆರಳಗೆಣ್ಣು ಗೋಡೆಯ ಫರಸಿಗೆ ಬಡಿಯಿತು.

ಗಣಿಯ ತಳದಲ್ಲಿದ್ದವರು ಮೂರು ಏಟು ಹಾಕಿದರೆ ಮೇಲಿನವರು ಏನನ್ನೂ ಕೆಳಗೆ ಬಿಡುವ ಹಾಗಿಲ್ಲ. ಕೇಳಿಸಿತೆಂದು ಒಂದು ಏಟು ತಿರುಗಿ ಕೊಡಬೇಕು. ಶಿವಕಾಂತಮ್ಮ ಅದೇ ಗಣಿಯಲ್ಲಿ ಹನ್ನೆರಡು ವರ್ಷ ಬುಟ್ಟಿ ಇಳಿಸಿದವಳು.

“ಕೈ ನಡುಗ್ಲಿಕತ್ತದ, ಅಷ್ಟೇರಿ,” ಎಂದ ಪೀರಪ್ಪ.

“ಅವರ ನಡುಕ ನನಗ ಗೊತ್ತದ. ಇದು ಅದಲ್ಲ. ನಳಿ ತಗಿ ತಮ್ಮಾ, ಟಂಟಂ ಗಾಡಿ ಕರಿ, ಕಲಬುರಗಿಗೇ ಹೋಗೂಣು.”

ಬೆರಳು ಇನ್ನೂ ಬಡಿಯುತ್ತಲೇ ಇತ್ತು. ಅವಳು ಲೋಟ ಕೆಳಗಿಟ್ಟು, ಮಂಚದ ಮೇಲೆ ಬಾಗಿ, ಗೋಡೆಗೆ ಒಂದು ಏಟು ಹಾಕಿದಳು.

ಆಗ ಅವನ ಕೈ ಸುಮ್ಮನಾಯಿತು.